ದಿನಕ್ಕೆ ಐದು ಪದ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು 50ಕ್ಕೆ 11. ಫಸ್ಟ್ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ ಬಂದಿದ್ದ ಮಾರ್ಕ್ಸ್ ಅದು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 87 ತೆಗೆದಿದ್ದೆ, ಅಪ್ಪ ಬೀದಿಗೆಲ್ಲ ಪೇಡ ಹಂಚಿದ್ದರು. ಮೂರೇ ತಿಂಗಳಲ್ಲಿ ಹೀಗೆ!

ಕಾರಣ ದೊಡ್ಡದೇನಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಸೈನ್ಸ್ ತಗೊಂಡರೆ ಎಲ್ಲವೂ ಇಂಗ್ಲಿಷಿನಲ್ಲಿ. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳಿಗೆ ಇದು ಗೊತ್ತಿರುವ ಕಥೆಯೇ. ಲೆಕ್ಚರರ್ ಬೋರ್ಡಿನ ಮೇಲೆ ಆಕ್ಸಲರೇಶನ್ ಅಂತ ಬರೆದು ಸೂತ್ರದ ಮೇಲೆ ಸೂತ್ರ ಬಿಡಿಸುತ್ತಾ ಹೋದರು, ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಅದು ನಾನು ಚೆನ್ನಾಗಿಯೇ ಓದಿಕೊಂಡಿದ್ದ ವೇಗೋತ್ಕರ್ಷ ಅಂತ ಗೊತ್ತಾಗಿದ್ದು ಎರಡು ವಾರ ಕಳೆದ ಮೇಲೆ, ಅದೂ ಪಕ್ಕದವನು ಹೇಳಿದ್ದಕ್ಕೆ. ಸಂವೇಗ ಮೊಮೆಂಟಮ್ ಆಗಿತ್ತು. ಲ.ಸಾ.ಅ. ಎಲ್‌ಸಿಎಂ ಆಗಿತ್ತು. ನಮ್ಮೂರಿನವರೇ ಪೇಟೆಯಲ್ಲಿ ಸಿಕ್ಕಿ, ಗುರುತೇ ಇಲ್ಲದವರ ಹಾಗೆ ಹೋದರೆ ಹೇಗಿರುತ್ತೆ, ಹಾಗೆ.

ಆವಾಗ ನನಗೆ ಗುರಿ ಇಟ್ಟುಕೊಳ್ಳುವ ಹುಚ್ಚು ಹಿಡಿಯಿತು. ಹಾಸ್ಟೆಲಿನ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ 4ಕ್ಕೆ ಏಳುವುದು, ವರ್ಷಕ್ಕೆ 100 ಪುಸ್ತಕ, ಡಿಸೆಂಬರ್ ಒಳಗೆ ಇಂಗ್ಲಿಷ್ ಸರಾಗ, ಸೆಕೆಂಡ್ ಪಿಯುಸಿಯಲ್ಲಿ 90 ಪರ್ಸೆಂಟ್. 4 ಗಂಟೆಗೆ ಎದ್ದಿದ್ದು ಐದು ದಿನ. ಆರನೇ ದಿನವೂ ಎದ್ದೆ, ಆದರೆ ಪುಸ್ತಕದ ಮೇಲೇ ಮಲಗಿಬಿಟ್ಟೆ, ಪುಟದ ತುಂಬ ಜೊಲ್ಲು. ಇಂಗ್ಲಿಷ್ ಬರಲಿ ಅಂತ ಲೈಬ್ರರಿಯಿಂದ ತಂದಿದ್ದ ದಪ್ಪ ಕಾದಂಬರಿ ಮೂರನೇ ಪುಟ ದಾಟಲಿಲ್ಲ. ಹಾಳೆ ಮಾತ್ರ ಗೋಡೆ ಮೇಲೆ ಗಟ್ಟಿಯಾಗಿ ಕೂತಿತ್ತು, ದಿನಾ ನೋಡಿ ಬೇಜಾರು ಮಾಡಿಕೊಳ್ಳೋಕೆ.

ಆ ಕಾದಂಬರಿ ವಾಪಸ್ ಕೊಡಲು ಹೋದಾಗಲೇ ಸಾರ್ ಹತ್ತಿರ ಸಿಕ್ಕಿಬಿದ್ದೆ. ನಮ್ಮ ಲೈಬ್ರರಿಯನ್ನು ಆಗ ಕನ್ನಡ ಸಾರ್ ನೋಡಿಕೊಳ್ಳುತ್ತಿದ್ದರು. ಪುಸ್ತಕದೊಳಗೆ ತಾರೀಕಿನ ಸೀಲ್ ಹೊಡೆದ ಚೀಟಿ ಇರುತ್ತಿತ್ತಲ್ಲ, ಅದನ್ನು ನೋಡಿದರು, ಆಮೇಲೆ ನಾನು ಗುರುತಿಗೆ ಇಟ್ಟು ಮರೆತಿದ್ದ ಬಸ್ ಟಿಕೆಟ್ ನೋಡಿದರು. "ಮೂರು ಪುಟಕ್ಕೆ ಹದಿನೈದು ದಿನ ಬೇಕಾಯ್ತೇನೋ ಮಾರಾಯ?" ಅಂದರು. ಅಳು ಬಂದುಬಿಟ್ಟಿತು. ಎಲ್ಲ ಹೇಳಿದೆ. 11 ಮಾರ್ಕ್ಸೂ, ಗೋಡೆ ಮೇಲಿನ ಹಾಳೆಯೂ.

ಅವರು ಬುದ್ಧಿವಾದ ಏನೂ ಹೇಳಲಿಲ್ಲ. ಬೀರುವಿನಿಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ಧೂಳು ಒರೆಸಿ ಮೇಜಿನ ಮೇಲಿಟ್ಟರು, ಬೈಂಡು ಅರ್ಧ ಕಿತ್ತುಹೋಗಿತ್ತು. "ಇದನ್ನ ಹೊರಗೆ ಕೊಡಲ್ಲ. ದಿನಾ ಇಲ್ಲೇ ಕೂತು ಐದು ಪದ ಬರ್ಕೋ. ಆರು ಬೇಡ."

200 ಪೇಜಿನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದು ಇಂಗ್ಲಿಷ್, ಎರಡನೆಯದು ಕನ್ನಡ, ಮೂರನೆಯದು ನನ್ನದೇ ಮಾತು. ಇನರ್ಶಿಯ, ಜಡತ್ವ, 'ಡ್ರೈವರ್ ಬ್ರೇಕ್ ಹಾಕಿದಾಗ ಮುಂದಿನವರ ಮೇಲೆ ಬೀಳೋದು'. ಈ ಮೂರನೇ ಕಾಲಂ ತುಂಬಲಾಗದಿದ್ದರೆ ಆ ಪದ ಲೆಕ್ಕಕ್ಕಿಲ್ಲ ಅಂತ ಸಾರ್ ಕಟ್ಟುನಿಟ್ಟು ಮಾಡಿದ್ದರು.

ಫೋಟೋಸಿಂಥೆಸಿಸ್ ದಿನ ಒಂದು ಮಜಾ ಆಯಿತು. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಅಂತ ಥಟ್ಟನೆ ಹೇಳಿದೆ, ಹತ್ತನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೆ. "ದ್ಯುತಿ ಅಂದ್ರೆ?" ಅಂದರು. ಗೊತ್ತಿಲ್ಲ. "ಸಂಶ್ಲೇಷಣೆ?" ಅದೂ ಗೊತ್ತಿಲ್ಲ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸುವುದು ಅಂತ ಅವರು ಬಿಡಿಸಿ ಹೇಳಿದರು. ಫೋಟೋ ಅನ್ನೋದಕ್ಕೂ ಗ್ರೀಕಿನಲ್ಲಿ ಬೆಳಕು ಅಂತಲೇ ಅರ್ಥ, ಸಿಂಥೆಸಿಸ್ ಅಂದರೂ ಕೂಡಿಸುವುದೇ. ಇಂಗ್ಲಿಷ್ ಬರಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ, ನೋಡಿದರೆ ಕನ್ನಡದ ಪದವೂ ನನಗೆ ಅರ್ಥವಾಗಿರಲಿಲ್ಲ. ಸುಮ್ನೆ ಉರು ಹೊಡೆದು 87 ತೆಗೆದಿದ್ದೆ ಅಷ್ಟೇ.

ಅಲ್ಲಿಂದ ಪದ ಬಿಡಿಸಿ ನೋಡುವ ಚಟ ಹತ್ತಿತು. ಲೈಬ್ರರಿಯಲ್ಲಿದ್ದ ಹಳೆಯ ವಿಜ್ಞಾನದ ಪುಸ್ತಕಗಳನ್ನು ಅದಕ್ಕಾಗಿಯೇ ತಿರುವಿ ಹಾಕಿದೆ. ಒಂದು ದಿನ ಆಕ್ಸಿಜನ್ ಸಿಕ್ಕಿತು. ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿ 1770ರ ದಶಕದಲ್ಲಿ ಇಟ್ಟ ಹೆಸರು, ಆಮ್ಲವನ್ನು ಹುಟ್ಟಿಸುವುದು ಅಂತ ಅರ್ಥ. ಎಲ್ಲ ಆಮ್ಲದಲ್ಲೂ ಈ ಅನಿಲ ಇದ್ದೇ ಇರುತ್ತೆ ಅಂತ ಅವನು ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅಂತ 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಆದರೆ ಅಷ್ಟರಲ್ಲಿ ಹೆಸರು ಕೂತುಬಿಟ್ಟಿತ್ತು. ನಾವು ಅದನ್ನು ಕನ್ನಡಕ್ಕೆ ತರುವಾಗ ಆಮ್ಲಜನಕ ಅಂತ ಅರ್ಥಕ್ಕೆ ಅರ್ಥವನ್ನೇ ಕೂರಿಸಿದೆವು, ಅವನ ತಪ್ಪಿನ ಸಮೇತ! ಓಡಿಹೋಗಿ ಸಾರ್‌ಗೆ ಹೇಳಿದೆ. ಅವರಿಗೂ ಇದು ಗೊತ್ತಿರಲಿಲ್ಲ. ಕನ್ನಡಕ ತೆಗೆದು ಜೋರಾಗಿ ನಕ್ಕರು. "ತಡಿ ತಡಿ, ಇನ್ನೊಂದ್ಸಲ ಹೇಳು" ಅಂತ ಖಾಲಿ ಚೀಟಿಯೊಂದರ ಮೇಲೆ ಬರೆದುಕೊಂಡರು. ನನ್ನ ಮಾತನ್ನು ಒಬ್ಬ ಮೇಷ್ಟ್ರು ಬರೆದುಕೊಂಡಿದ್ದು ಅದೇ ಮೊದಲು. ಸೆಕೆಂಡ್ ಪಿಯುಸಿ ರಿಸಲ್ಟಿಗಿಂತ ಅದರ ಖುಷಿಯೇ ಜಾಸ್ತಿ ನೆನಪಿದೆ.

ರಿಸಲ್ಟ್ ಅಂದಹಾಗೆ 61 ಪರ್ಸೆಂಟ್. 90 ಬರಲಿಲ್ಲ. ಪೇಡವೂ ಇರಲಿಲ್ಲ. ಎರಡು ವರ್ಷ ದಿನಕ್ಕೆ ಐದರಂತೆ ಮೂರೂವರೆ ಸಾವಿರದ ಮೇಲೆ ಪದ ಇರಬೇಕಿತ್ತು, ಎಣಿಸಿದರೆ 1,100 ಚಿಲ್ಲರೆ ಇವೆ. ಅಂದರೆ ದಿನಕ್ಕೆ ಒಂದೂವರೆ ಪದ. ರಜೆ, ಜ್ವರ, ಜಾತ್ರೆ, ಸೋಮಾರಿತನ, ಕ್ರಿಕೆಟ್ ಮ್ಯಾಚು ಎಲ್ಲ ಕಳೆದು ಉಳಿದಿದ್ದು ಇಷ್ಟು. ಆದರೂ ಕ್ಲಾಸಿನಲ್ಲಿ ಬೋರ್ಡ್ ನೋಡಿದರೆ ಹೆದರಿಕೆಯಾಗೋದು ನಿಂತಿತ್ತು, ಬಿಎಸ್ಸಿ ಮುಗಿಸಿದೆ, ಬಿಎಡ್ ಮಾಡಿದೆ. ಈಗ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಮೊನ್ನೆ ಎಂಟನೇ ಕ್ಲಾಸಿಗೆ ಆಮ್ಲಜನಕದ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ತಪ್ಪು ಅಂತ ಗೊತ್ತಾದ್ಮೇಲೂ ಯಾಕೆ ಸಾರ್ ಹೆಸರು ಬದಲಾಯಿಸಿಲ್ಲ? ನಾವೇ ಒಂದು ಹೊಸದು ಇಡಬಹುದಲ್ವಾ?" ಅಂದಳು. ನೀನೇ ಒಂದು ಯೋಚಿಸಿಕೊಂಡು ಬಾ ಅಂದೆ. ಮಾರನೇ ದಿನ ನಾಲ್ಕು ಹೆಸರು ಬರೆದುಕೊಂಡು ಬಂದಿದ್ದಳು. 'ಉಸಿರ್ಗಾಳಿ' ಅನ್ನೋದು ನನಗೆ ಇಷ್ಟವಾಯಿತು. ಹಳೆಯ ನೋಟ್‌ಬುಕ್ ಹುಡುಕಿ ಮೂರನೇ ಕಾಲಮ್ಮಿನಲ್ಲಿ ಅದನ್ನು ಸೇರಿಸಿದ್ದೇನೆ.