ಐವತ್ತೋ ಅರವತ್ತೋ: ಮರ ಕತ್ತರಿಸುವ ಮಷಿನ್ ಕೊಳ್ಳುವಾಗ ನಾವು ನೋಡದೆ ಬಿಟ್ಟದ್ದು

ಹೊಸ ಚೈನ್‌ಸಾ ಕೊಳ್ಳುವ ಮಾತು ಬಂದಾಗಲೆಲ್ಲ ನಮ್ಮ ಹುಬ್ಬಳ್ಳಿಯ ಕಚೇರಿಯಲ್ಲಿ ಚರ್ಚೆ ಎಂಜಿನ್ನಿನ ಸಿಸಿಯಿಂದ ಶುರುವಾಗಿ ದರದಲ್ಲಿ ಮುಗಿಯುತ್ತದೆ. ಚೈನು ಸುತ್ತುವ ಉದ್ದ ಪಟ್ಟಿಯಾದ ಬಾರ್, ಚೈನು, ಅದನ್ನು ತಿರುಗಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್, ಪೆಟ್ರೋಲು, ಮಷಿನ್ನನ್ನು ದಿನವಿಡೀ ಹಿಡಿಯುವವನ ರಟ್ಟೆ, ಇವೆಲ್ಲ ನೆನಪಾಗುವುದು ಬಿಲ್ ಆದ ಮೇಲೆ. ರಸ್ತೆ ಬದಿಯ ಮರಗಳ ಕೊಂಬೆ ಸವರುವ ಮತ್ತು ಗಾಳಿಗೆ ಬಿದ್ದ ಮರ ತೆರವುಗೊಳಿಸುವ ಗುತ್ತಿಗೆಯಲ್ಲಿ ಮೇಲ್ವಿಚಾರಕನಾಗಿರುವ ನಾನು ಕೂಡ ಆ ಚರ್ಚೆಯಲ್ಲಿ ಸಿಸಿಯ ಪರವಾಗಿಯೇ ವಾದಿಸಿದ್ದೆ.

ನಮ್ಮ ಹುಡುಗರು ಮಷಿನ್ನುಗಳನ್ನು ಕಂಪನಿಯ ಹೆಸರಿನಿಂದ ಕರೆಯುವುದಿಲ್ಲ. ಎಂಜಿನ್ನಿನ ಸಿಸಿಯ ಲೆಕ್ಕದಲ್ಲಿ ಒಂದು ‘ಐವತ್ತು’, ಇನ್ನೊಂದು ‘ಅರವತ್ತು’. ಮಧ್ಯಮ ಗಾತ್ರದ ವೃತ್ತಿಪರ ಮಷಿನ್ನುಗಳು ಹೆಚ್ಚುಕಡಿಮೆ ಈ ಎರಡೇ ಗುಂಪಿಗೆ ಸೇರುತ್ತವೆ. ಮೊದಲನೆಯದರಲ್ಲಿ ಸ್ಟಿಲ್ ಎಂಎಸ್ 261 ಮತ್ತು ಹಸ್ಕ್‌ವರ್ನಾ 550 ಎಕ್ಸ್‌ಪಿ ಇವೆ, ಶಕ್ತಿ ಸುಮಾರು 3 ಕಿಲೋವ್ಯಾಟ್. ಎರಡನೆಯದರಲ್ಲಿ ಎಂಎಸ್ 362 ಮತ್ತು 562 ಎಕ್ಸ್‌ಪಿ ಇವೆ, ಶಕ್ತಿ 3.5 ಕಿಲೋವ್ಯಾಟ್. ಬಾರ್ ಮತ್ತು ಚೈನು ಬಿಟ್ಟು ತೂಗಿದರೆ ‘ಐವತ್ತರ’ ತೂಕ ಐದು ಕಿಲೋ ಆಸುಪಾಸು, ‘ಅರವತ್ತರದು’ ಐದೂವರೆಯಿಂದ ಆರು ಕಿಲೋ. ಅರ್ಧ ಕಿಲೋವ್ಯಾಟ್ ಹೆಚ್ಚು ಸಿಗುವಾಗ ಅರ್ಧ ಕಿಲೋ ಭಾರವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ವಾದವಾಗಿತ್ತು. ಆದರೆ ಆ ಅರ್ಧ ಕಿಲೋವ್ಯಾಟಿನ ಲಾಭ ಕಾಣಿಸುವುದು ಬಾರ್ ಪೂರ್ತಿ ದಿಮ್ಮಿಯೊಳಗೆ ಮುಳುಗಿದಾಗ ಮಾತ್ರ. ಗುಲ್‌ಮೊಹರ್, ಬೇವು, ಮಳೆಮರಗಳ ಎಂಟು ಹತ್ತು ಇಂಚಿನ ಕೊಂಬೆಗಳಲ್ಲಿ ಗೆಲ್ಲುವುದು ಮಸೆದ ಚೈನು. ಅರ್ಧ ಕಿಲೋ ಭಾರವಾದರೋ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೇ ಆಪರೇಟರನ ಸೊಂಟದಲ್ಲಿ ಕಾಣಿಸಿಕೊಳ್ಳುತ್ತದೆ.

ಮಾಲೀಕರು ವಾಟ್ಸಾಪಿನಲ್ಲಿ ಬಂದ ಕೊಟೇಶನ್‌ಗಳಲ್ಲಿ ಅಗ್ಗವಾದದ್ದನ್ನು ಆರಿಸಿದ್ದರಿಂದ, ಹಳೆಯ ‘ಐವತ್ತು’ ಒಂದು ಕಂಪನಿಯದು, ಹೊಸ ‘ಅರವತ್ತು’ ಇನ್ನೊಂದು ಕಂಪನಿಯದು ಆಯಿತು. ಎರಡಕ್ಕೂ 18 ಇಂಚಿನ ಬಾರ್ ಇದ್ದುದರಿಂದ ಚೀಲದಲ್ಲಿ ಒಂದೇ ಬಗೆಯ ಹೆಚ್ಚುವರಿ ಚೈನು ಸಾಕೆಂದು ನಾನು ತೀರ್ಮಾನಿಸಿದ್ದೆ.

ಅದರ ಫಲ ಸಿಕ್ಕಿದ್ದು ಧಾರವಾಡದ ಸಪ್ತಾಪುರದಲ್ಲಿ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮಳೆಮರದ ದೊಡ್ಡ ಕೊಂಬೆಯೊಂದು ಸೀಳಿ, ಒಂದು ತುದಿ ಕಂಪೌಂಡ್ ಗೋಡೆಯ ಮೇಲೂ ಇನ್ನೊಂದು ತುದಿ ರಸ್ತೆಯ ಆಚೆ ಬದಿಯಲ್ಲೂ ಊರಿ, ನಡುವೆ ವಿದ್ಯುತ್ ತಂತಿಯನ್ನು ನೆಲದವರೆಗೆ ಎಳೆದುಕೊಂಡು ಬಿದ್ದಿತ್ತು. ತಂತಿಯ ವಿದ್ಯುತ್ ಕಡಿದು ಕೆಲಸಕ್ಕೆ ಬಿಟ್ಟುಕೊಡುವ ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ಸಿಕ್ಕಿತು, ಆದರೆ ಸಂಜೆಯ ಲೋಡ್ ಏರುವ ಮುನ್ನ ಅದನ್ನು ಹಿಂದಿರುಗಿಸಬೇಕಿತ್ತು. ಕೋಚಿಂಗ್ ಕ್ಲಾಸುಗಳು ಬಿಟ್ಟು ರಸ್ತೆಯ ಎರಡೂ ಬದಿಗೆ ವಿದ್ಯಾರ್ಥಿಗಳು ನೆರೆದು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ಕಾಂಡದ ಕವಲಿನಲ್ಲಿ ಐವತ್ತನ್ನು ಹಚ್ಚಿದ ಕೂಡಲೇ ಕಿಡಿ ಹಾರಿತು. ಯಾವುದೋ ಕೋಚಿಂಗ್ ಬೋರ್ಡಿಗೆ ಹೊಡೆದ ಮೊಳೆ ತೊಗಟೆಯೊಳಗೆ ಮುಚ್ಚಿಹೋಗಿತ್ತು. ಚೈನಿನ ಒಂದು ಬದಿಯ ಹಲ್ಲುಗಳೆಲ್ಲ ಮೊಂಡಾದವು. ಚೀಲದಿಂದ ಹೊಸ ಚೈನು ತೆಗೆದ ನಮ್ಮ ಹಿರಿಯ ಆಪರೇಟರ್ ಕಾಕಾ ಅದನ್ನು ಸ್ಪ್ರಾಕೆಟ್ಟಿನ ಮೇಲೆ ಇಟ್ಟು ನೋಡಿ ನನ್ನ ಕಡೆ ತಿರುಗಿದರು: “ಸಾಹೇಬ್ರ, ಬಾರಿನ ಅಳತಿ ಒಂದ ಐತ್ರಿ, ಖರೆ ಹಲ್ಲ ಕೂಡಬೇಕಲ್ರಿ?” ಚೈನಿನ ಕೊಂಡಿಗಳ ಅಂತರದ ಅಳತೆಯಾದ ಪಿಚ್ ಐವತ್ತಿನದು 0.325 ಇಂಚು, ಅರವತ್ತಿನದು 3/8 ಇಂಚು. ಪಿಚ್ ಒಂದೇ ಆಗಿದ್ದರೂ ಗೇಜ್, ಅಂದರೆ ಬಾರಿನ ತೋಡಿನೊಳಗೆ ಕೂರುವ ಭಾಗದ ದಪ್ಪ, ಹೊಂದಬೇಕಿತ್ತು, 0.325ರಲ್ಲೇ ಆ ತೋಡಿಗೆ ತಕ್ಕಂತೆ 1.3, 1.5, 1.6 ಮಿಲಿಮೀಟರಿನ ಚೈನುಗಳಿವೆ. ಮೊಂಡಾದದ್ದನ್ನು ಅಲ್ಲೇ ಮಸೆಯೋಣವೆಂದರೆ ಅದಕ್ಕೆ ಬೇಕಾದ 4.8 ಮಿಲಿಮೀಟರಿನ ದುಂಡು ಅರ ಗೋದಾಮಿನಲ್ಲಿತ್ತು.

ಉಳಿದದ್ದು ಅರವತ್ತು. ಎರಡೂ ತುದಿಗೆ ಆಧಾರವಿರುವ ಕೊಂಬೆ ನಡುವೆ ಕೆಳಗೆ ಬಾಗುವುದರಿಂದ ಅದರ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ಕಾಕಾ ಹಾಗೆಯೇ ಮಾಡಲು ಹೊರಟಿದ್ದರು. ಕೆಳಗೆ ಸಿಕ್ಕುಬಿದ್ದ ತಂತಿ ಮತ್ತು ರೆಂಬೆ ಸರಿಸಲು ಹೊತ್ತಾಗುತ್ತದೆ, ಮಷಿನ್ನಿಗೆ ಶಕ್ತಿ ಇದೆ, ಮೇಲಿನಿಂದಲೇ ಮುಗಿಸಿ ಎಂದವನು ನಾನು. ಅರ್ಧ ದಾಟುವಷ್ಟರಲ್ಲಿ ಕೊಯ್ತ ಮುಚ್ಚಿಕೊಂಡು ಬಾರ್ ಸಿಕ್ಕಿಹಾಕಿಕೊಂಡಿತು, ಎಂಜಿನ್ ನಿಂತಿತು. ಸಿಕ್ಕಿಬಿದ್ದ ಬಾರನ್ನು ಅಲ್ಲೇ ಬಿಟ್ಟು ಎಂಜಿನ್ ಬಿಚ್ಚಿಕೊಂಡು, ಬೇರೆ ಬಾರ್ ತೊಡಿಸಿ ಪಕ್ಕದಲ್ಲಿ ಕೊಯ್ಯುವುದು ವಾಡಿಕೆ. ಹೆಚ್ಚುವರಿ ಬಾರ್ ಇರಲಿಲ್ಲ, ಐವತ್ತಿನ ಬಾರ್ ಇದಕ್ಕೆ ಹೊಂದುವಂತಿರಲಿಲ್ಲ. ರಸ್ತೆಯ ನಡುವೆ ಎರಡು ಮಷಿನ್ನುಗಳಿದ್ದೂ ಕೊಯ್ಯುವುದಕ್ಕೆ ಒಂದೂ ಇರಲಿಲ್ಲ. ಲೈನ್‌ಮನ್ನಿನ ಫೋನು ಮತ್ತೆ ಮತ್ತೆ ಬಾರಿಸುತ್ತಿತ್ತು. “ಇನ್ನ ಹತ್ತ ನಿಮಿಷ ಅಷ್ಟ ರೀ, ಆಮ್ಯಾಲ ಸೆಕ್ಷನ್ನಿನವರಿಗೆ ನಾ ಏನೂ ಹೇಳಾಕ ಆಗೂದಿಲ್ಲ” ಎಂದು ಅವರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉಪಾಯ ಹೊಳೆದದ್ದು ಟ್ರ್ಯಾಕ್ಟರ್ ಚಾಲಕನಿಗೆ. ಆತ ಜಾಕ್ ತಂದು, ಹಲಗೆಯ ಮೇಲಿಟ್ಟು, ಬಾಗಿದ ಕೊಂಬೆಯನ್ನು ನಡುವೆ ನಿಧಾನವಾಗಿ ಎತ್ತತೊಡಗಿದ. ಮುಚ್ಚಿದ ಕೊಯ್ತ ಎಳೆ ಎಳೆಯಾಗಿ ಬಾಯಿ ಬಿಟ್ಟಿತು. ಬಾರ್ ಬಿಡಿಸಿಕೊಂಡ ಕಾಕಾ ಕೊಯ್ತದೊಳಗೆ ಬೆಣೆ ಬಡಿದು, ಜಾಕ್ ಇಳಿಸಿ ತೆಗೆಸಿ, ರೆಂಬೆಗಳನ್ನು ಕೊಡಲಿಯಿಂದ ಸವರಿ ಜಾಗ ಮಾಡಿಕೊಂಡು, ಮೊದಲು ತಾವು ಮಾಡಹೊರಟಿದ್ದ ರೀತಿಯಲ್ಲೇ ಕೆಳಗಿನಿಂದ ಕೊಯ್ದು ಮುಗಿಸಿದರು. ಎಲ್‌ಸಿ ತಡವಾಗಿಯೇ ಹಿಂದಿರುಗಿತು, ಮರುದಿನ ಮಾಲೀಕರಿಗೆ ಬಂದ ಕರೆಯನ್ನು ಅವರು ನನಗೇ ವರ್ಗಾಯಿಸಿದರು.

ಪೆಟ್ರೋಲಿನ ವಿಷಯ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ. ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೊರೇಟರಿನ ಮಷಿನ್ನುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ ಶೇಕಡಾ 10. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಪೆಟ್ರೋಲು-ಗಾಳಿಯ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ, ಪಿಸ್ಟನ್ನಿಗೆ ಗೀರು ಬೀಳುತ್ತದೆ. ಎಂ-ಟ್ರಾನಿಕ್, ಆಟೊಟ್ಯೂನ್ ಎಂಬ ಎಲೆಕ್ಟ್ರಾನಿಕ್ ನಿಯಂತ್ರಣದ ಮಾದರಿಯವು ಮಿಶ್ರಣವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಆದರೂ ಆಯಾ ಮಾದರಿಯ ಪುಸ್ತಕದಲ್ಲಿರುವ ಎಥನಾಲ್ ಮಿತಿಯನ್ನು ನೋಡಿಯೇ ಕೊಳ್ಳಬೇಕು. ಎಥನಾಲ್ ತೇವ ಹೀರುವುದನ್ನು ಯಾವ ಎಲೆಕ್ಟ್ರಾನಿಕ್ಸೂ ತಡೆಯುವುದಿಲ್ಲ. ಆದ್ದರಿಂದ ಲೀಟರಿಗೆ 20 ಮಿಲಿ ಆಯಿಲ್ ಹಾಕಿ ಅಂದಂದಿಗೆ ಬೇಕಾದಷ್ಟೇ ಬೆರೆಸುತ್ತೇವೆ, ಮಳೆಗಾಲದಲ್ಲಿ ಕೆಲಸ ನಿಂತರೆ ಟ್ಯಾಂಕ್ ಖಾಲಿ ಮಾಡಿ ಇಡುತ್ತೇವೆ.

ಮುಂದಿನ ಖರೀದಿಗೆ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಎರಡು ಐವತ್ತು ಕೇಳಿದ್ದೆ: ಎರಡೂ ಒಂದೇ ಕಂಪನಿಯ ಒಂದೇ ಮಾದರಿ, 16 ಇಂಚಿನ ಬಾರ್, ಧೂಳು ಹಿಡಿದ ತೊಗಟೆಯಲ್ಲಿ ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುವ ಸೆಮಿ ಚಿಸಲ್ (ಮೂಲೆ ದುಂಡಾದ ಹಲ್ಲಿನ) ಚೈನು, ಮಷಿನ್ನಿಗೊಂದರಂತೆ ಹೆಚ್ಚುವರಿ ಬಾರ್. ಅರವತ್ತನ್ನು ಹುಣಸೆ, ಜಾಲಿಯ ದಪ್ಪ ದಿಮ್ಮಿಗಳಿಗೆ ಗೋದಾಮಿನಲ್ಲೇ ಇಟ್ಟುಕೊಳ್ಳುವುದು ಎಂದೂ ಸೇರಿಸಿದ್ದೆ. ಮಷಿನ್ನುಗಳೂ ಚೈನುಗಳೂ ಬಂದವು. ಹೆಚ್ಚುವರಿ ಬಾರುಗಳಿಗೆ ಮಾತ್ರ ಮಾಲೀಕರು ಇನ್ನೂ ಮೂರನೇ ಕೊಟೇಶನ್ನಿನ ದಾರಿ ಕಾಯುತ್ತಿದ್ದಾರೆ.