ಹಾಡು ರೆಕಾರ್ಡ್ ಮಾಡುವ ಕಂಪ್ಯೂಟರು: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ

"ಸರ್, ಕಂಪ್ಯೂಟರ್ ಭಾಳ ಸ್ಲೋ ಆಗೇತ್ರಿ. ಹಾಡು ರೆಕಾರ್ಡ್ ಮಾಡೂಮುಂದ ನಡುನಡುವ ಟಕ್ ಟಕ್ ಅಂತೈತ್ರಿ. ಹೊಸಾದು ತಗೋಬೇಕೇನ್ರಿ?"

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ನಮ್ಮ ಕೆಲಸದಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ಕೇಳುವವರು ಗಾಯನ ಕಲಿಯುವ ಹುಡುಗರು, ತಬಲಾ ಮಾಸ್ತರರು, ಮನೆಯಲ್ಲೇ ವಚನ, ದಾಸರ ಪದ ಹಾಡಿ ಯೂಟ್ಯೂಬಿಗೆ ಹಾಕುವವರು. ಬಹುಪಾಲು ಮಂದಿಗೆ ನಮ್ಮ ಉತ್ತರ: ಬೇಡ. ಕಂಠ, ಹಾರ್ಮೋನಿಯಂ, ತಬಲಾ, ತಂಬೂರಿ ಇಷ್ಟನ್ನು ಹಿಡಿಯುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಾಲ್ಕು ಟ್ರ್ಯಾಕ್ ಇಟ್ಟು ಒಂದು ತಾಸು ರೆಕಾರ್ಡ್ ಮಾಡಿದರೂ ಆಗುವುದು ಸುಮಾರು 2 ಜಿಬಿ. ಆ ಟಕ್ ಟಕ್ ಸದ್ದಿಗೆ ಕಾರಣ ಬೇರೆ ಕಡೆ ಇರುತ್ತದೆ.

ಕಂಪ್ಯೂಟರೇ ಇಲ್ಲದವರು ಹೊಸದರ ಬದಲು ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡಿ. ಇಲ್ಲಿ ಒಂದೇ ಗೆರೆ ಮುಖ್ಯ: ಇಂಟೆಲ್ ಪ್ರೊಸೆಸರಿನ 8ನೇ ಜನರೇಶನ್ (ಪೀಳಿಗೆ). ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಓಡಬೇಕೆಂದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಟಿಪಿಎಂ 2.0 (ಒಳಗಿನ ಭದ್ರತಾ ವ್ಯವಸ್ಥೆ) ಬೇಕು. 6, 7ನೇ ಜನರೇಶನ್‌ಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರಬಹುದು, ಡಬ್ಬಿ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಐ5-6500, ಐ5-7500, ಐ5-8500 ಈ ಪ್ರೊಸೆಸರ್ ಹೆಸರುಗಳಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕಿ ನೋಡಿ, ಅದೇ ಜನರೇಶನ್. ಮಾಡೆಲ್ ಹೆಸರಿನಿಂದಲೂ ಹಿಡಿಯಬಹುದು: ಡೆಲ್ ಆಪ್ಟಿಪ್ಲೆಕ್ಸ್ 7050 ಹಳೆಯದು, 7060 ಬೇಕಾದದ್ದು. ಎಚ್‌ಪಿ ಎಲೀಟ್‌ಡೆಸ್ಕ್ 800ರಲ್ಲಿ ಜಿ3 ಬೇಡ, ಜಿ4 ಇರಲಿ. ಲೆನೋವೊ ಥಿಂಕ್‌ಸೆಂಟರ್ ಆದರೆ ಎಂ720 ಅಥವಾ ಎಂ920.

ರ‍್ಯಾಮ್ 8 ಜಿಬಿ ಸಾಕು. ಕೀಬೋರ್ಡ್ ಹಚ್ಚಿ ಸಾಫ್ಟ್‌ವೇರ್ ವಾದ್ಯಗಳನ್ನು ನುಡಿಸುವವರಿಗೆ ಮಾತ್ರ 16 ಬೇಕು, ಅದೂ ಒಂದೇ ಕಡ್ಡಿಯ ಬದಲು 8ರ ಎರಡು ಕಡ್ಡಿ. ಒಳಗೆ ಎಸ್‌ಎಸ್‌ಡಿ ಮಾತ್ರ ಇರಲಿ. ತಿರುಗುವ ಹಾರ್ಡ್ ಡಿಸ್ಕಿನ ಸದ್ದು ಸಣ್ಣ ಕೋಣೆಯಲ್ಲಿ ಮೈಕಿಗೆ ಸಿಗುತ್ತದೆ. ಬ್ಯಾಕಪ್ಪಿಗೆ ಹೊರಗಿನ ಡಿಸ್ಕ್ ಇಟ್ಟುಕೊಂಡು, ರೆಕಾರ್ಡಿಂಗ್ ಮುಗಿದ ಮೇಲೆ ಹಚ್ಚಿ. ದುಡ್ಡು ಕೊಡುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ಎಸ್‌ಎಸ್‌ಡಿ ಆರೋಗ್ಯ ಎಷ್ಟು ಶೇಕಡಾ, ಎಷ್ಟು ತಾಸು ಓಡಿದೆ ಎಂದು ನೋಡಿ. ಮನೆಗೆ ತಂದ ದಿನವೇ ಧೂಳು ಊದಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿ ಕಡಿಮೆಯಾದರೆ ಫ್ಯಾನ್ ಸದ್ದೂ ಇಳಿಯುತ್ತದೆ. ಗದಗ, ಹುಬ್ಬಳ್ಳಿಯ ಏಪ್ರಿಲ್-ಮೇ ಬಿಸಿಲಲ್ಲಿ ಮೇಲಿನ ಫ್ಯಾನ್ ಬಂದ್ ಮಾಡಿ, ಬಾಗಿಲು ಮುಚ್ಚಿ ಹಾಡುವವರಿಗೆ ಇದು ಸಣ್ಣ ಮಾತಲ್ಲ.

ಕೈಯಲ್ಲಿರುವ ಹಣದಲ್ಲಿ ಕಂಪ್ಯೂಟರಿಗೆ ಅರ್ಧಕ್ಕಿಂತ ಹೆಚ್ಚು ಹೋಗಬಾರದು. ಉಳಿದದ್ದು ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ. ತೆರೆದ ಹೆಡ್‌ಫೋನ್ ಹಾಕಿದರೆ ತಂಬೂರಿ ಸೋರಿ ಕಂಠದ ಟ್ರ್ಯಾಕಿನಲ್ಲಿ ಕೂತುಬಿಡುತ್ತದೆ, ಆಮೇಲೆ ತೆಗೆಯಲು ಬಾರದು. ಇಂಟರ್‌ಫೇಸ್ ಆರಿಸುವಾಗ ಎರಡು ಮೈಕ್ ಹಚ್ಚಲು ಬರುವಂಥದ್ದನ್ನೇ ಕೊಳ್ಳಿ, ತಬಲಾಕ್ಕೆ ದಾಯಾಂಗೊಂದು ಬಾಯಾಂಗೊಂದು ಮೈಕ್ ಬೇಕು. ಬೆರಿಂಜರ್ ಯುಎಂಸಿ22ರಲ್ಲಿ ಒಂದೇ ಮೈಕಿಗೆ ಜಾಗ, ಯುಎಂಸಿ202ಎಚ್‌ಡಿಯಲ್ಲಿ ಎರಡು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಒಂದು, 2ಐ2ರಲ್ಲಿ ಎರಡು.

ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಸ್ವಿಚ್ಚೋ ಗುಂಡಿಯೋ ಇರುತ್ತದೆ. ದುಬಾರಿ ಕಂಪ್ಯೂಟರಿನ ಖರ್ಚು ಉಳಿಸುವುದು ಇದೇ. ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ ಹೆಡ್‌ಫೋನಿಗೆ ತಿರುಗಿ ಬರುವಷ್ಟರಲ್ಲಿ ತಡವಾಗುತ್ತದೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಹಿಡಿಯುವ ದನಿಯ ತುಣುಕುಗಳ (ಸ್ಯಾಂಪಲ್) ಸಂಖ್ಯೆ, 128 ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ಬಫರಿಗೆ 2.7 ಮಿಲಿಸೆಕೆಂಡ್, 512 ಇದ್ದರೆ 10.7. ಹೋಗುವಾಗೊಮ್ಮೆ ಬರುವಾಗೊಮ್ಮೆ ಈ ತಡ ಸೇರಿ, ತಾನ್ ಹಾಡುವವರಿಗೆ ಲಯ ಎಡವುತ್ತದೆ. ಅದಕ್ಕಾಗಿ ಜನ ಬಫರ್ ಇಳಿಸುತ್ತಾರೆ, ಕಂಪ್ಯೂಟರ್ ಏದುಸಿರು ಬಿಡುತ್ತದೆ, ಟಕ್ ಟಕ್ ಶುರುವಾಗುತ್ತದೆ. ಡೈರೆಕ್ಟ್ ಮಾನಿಟರ್ ಹಾಕಿದರೆ ದನಿ ಕಂಪ್ಯೂಟರಿಗೆ ಕಾಯದೆ ನೇರ ಕಿವಿಗೆ ಬರುತ್ತದೆ. ಆಗ ಬಫರ್ 512 ಅಲ್ಲ, 1024 ಇಟ್ಟರೂ ಹಾಡುವವರಿಗೆ ತೊಂದರೆಯಿಲ್ಲ. ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಲು ಮರೆಯಬೇಡಿ, ಇಲ್ಲವಾದರೆ ದನಿ ಎರಡೆರಡು ಸಲ ಕೇಳುತ್ತದೆ.

ಆದರೂ ಸದ್ದು ನಿಲ್ಲದಿದ್ದರೆ ಈ ಕ್ರಮದಲ್ಲಿ ಹೋಗಿ. ಮೊದಲು ಇಂಟರ್‌ಫೇಸ್ ಕಂಪನಿಯ ಆಸಿಯೋ (ದನಿಯ ತಡ ಕಡಿಮೆ ಮಾಡುವ) ಡ್ರೈವರ್ ಹಾಕಿ ಸಾಫ್ಟ್‌ವೇರಿನಲ್ಲಿ ಅದನ್ನೇ ಆರಿಸಿ. ಕಂಪನಿಯ ಆಸಿಯೋ ಡ್ರೈವರೇ ಇಲ್ಲದ ಇಂಟರ್‌ಫೇಸಿಗಷ್ಟೇ ಆಸಿಯೋ4ಆಲ್ ಎಂಬ ಸಾಮಾನ್ಯ ಡ್ರೈವರ್. ಆಮೇಲೆ ಇಂಟರ್‌ಫೇಸಿನ ಯುಎಸ್‌ಬಿ ವೈರನ್ನು ಮುಂದಿನ ಕಿಂಡಿಯಿಂದ ತೆಗೆದು ಹಿಂದಿನದಕ್ಕೆ ನೇರ ಹಚ್ಚಿ, ನಡುವೆ ಹಬ್ ಬೇಡ. ಪವರ್ ಪ್ಲಾನ್ ಹೈ ಪರ್ಫಾರ್ಮನ್ಸ್ ಮಾಡಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಬಂದ್ ಮಾಡಿ. ಕೊನೆಗೆ ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿಸಿ, ವೈಫೈ ಇದ್ದಾಗ ಒಮ್ಮೆ, ಬಂದ್ ಮಾಡಿ ಒಮ್ಮೆ. ನಾವು ನೋಡಿದಂತೆ ಹೆಚ್ಚಿನ ಸಲ ತಪ್ಪು ಸಿಗುವುದು ವೈಫೈ ಡ್ರೈವರಿನಲ್ಲೇ. ಹಾಡುವ ತಾಸು ವೈಫೈ ಬಂದ್ ಮಾಡಿದರೆ ಕೆಲಸ ಮುಗಿಯಿತು.

ಗುಂಯ್ ಎನ್ನುವ ಸದ್ದು ಬೇರೆ ರೋಗ, ಅದು ಮನೆಯ ವೈರಿಂಗಿನದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ನೋಡಿ. ಸದ್ದು ಹೋದರೆ ದೋಷ ಚಾರ್ಜರ್ ಅಥವಾ ಅರ್ಥಿಂಗಿನ ದಾರಿಯಲ್ಲಿದೆ. ಧಾರವಾಡದ ಹಳೆ ಹಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇಲ್ಲದಿರುವುದುಂಟು. ಎಲೆಕ್ಟ್ರಿಷಿಯನ್ ಕರೆಸಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡನ್ನೂ ಅಳೆಸಿ. ಎರಡೂ ಹೆಚ್ಚುಕಡಿಮೆ ಒಂದೇ, 230ರ ಆಸುಪಾಸು ತೋರಿಸಬೇಕು. ಫೇಸ್-ಅರ್ಥ್ ಬಹಳ ಕಡಿಮೆ ಬಂದರೆ ಅರ್ಥಿಂಗ್ ಸರಿಯಿಲ್ಲ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಕಡ್ಡಿ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವಕ್ಕೆ ಅಪಾಯ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿರಲಿ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಫ್ಯಾನ್ ಪಕ್ಕದ ಕೋಣೆಯಲ್ಲಿ ನಡುವೇಗದಲ್ಲಿ ತಿರುಗುತ್ತಿದ್ದರೂ ಝಿರ್ ಎನ್ನುವುದುಂಟು. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು, ರೆಕಾರ್ಡಿಂಗಿಗೆ ಸೈನ್ ವೇವ್ ಬೇಕು.

ಮಳೆಗಾಲದಲ್ಲಿ ಕಂಡೆನ್ಸರ್ ಮೈಕನ್ನು ಸ್ಟ್ಯಾಂಡಿನ ಮೇಲೆಯೇ ಬಿಡದೆ ಸಿಲಿಕಾ ಜೆಲ್ ಚೀಲದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಸಾಫ್ಟ್‌ವೇರಿಗೆ ರೀಪರ್ ಸಾಕು, 60 ದಿನ ಹಣ ಕೊಡದೆ ಪೂರ್ತಿ ಬಳಸಿ ನೋಡಬಹುದು. ಪ್ರಾಜೆಕ್ಟ್ ತೆರೆದ ಕೂಡಲೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) 48 ಕಿಲೋಹರ್ಟ್ಸ್ ಇದೆಯೇ ನೋಡಿ, ಇಂಟರ್‌ಫೇಸಿನಲ್ಲೂ ಅದೇ ಇರಲಿ. 44.1ರಲ್ಲಿ ಹಿಡಿದದ್ದನ್ನು ಬದಲಿಸದೆ 48ರಲ್ಲಿ ಓಡಿಸಿದರೆ ಪಟ್ಟಿ (ಶ್ರುತಿ) ಏರುತ್ತದೆ: ಹಾರ್ಮೋನಿಯಂನ ಕಾಳಿ (ಕರಿ ಮನೆ) ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕಾಳಿ ಎರಡಕ್ಕೂ ನಡುವೆ ಹೋಗಿ ನಿಲ್ಲುತ್ತದೆ, ಲಯವೂ ಓಡುತ್ತದೆ. ಹಾರ್ಮೋನಿಯಂ ಹಿಡಿದು ಷಡ್ಜ ತಾಳೆ ನೋಡಿ, ಒಂದು ಮನೆಯೂ ಕೂಡದಿದ್ದರೆ ತಪ್ಪು ಇದೇ.