ಹಲಸಿನ ಮೇಣ

17 ಜುಲೈ 2025, ಗುರುವಾರ
ಶಿರಸಿ

ಮಧ್ಯಾಹ್ನದಿಂದ ಕರೆಂಟ್ ಇಲ್ಲ. ಇನ್ವರ್ಟರ್ ಕೂಗಲು ಶುರುಮಾಡುವ ಮೊದಲು ಇಷ್ಟನ್ನು ಬರೆದು ಮುಗಿಸಬೇಕು.

ಬೆಳಿಗ್ಗೆ ಒಂದು ಗಳಿಗೆ ಹೊಳವಾಗಿತ್ತು. ಅದನ್ನೇ ನಂಬಿ ಮಗಳು ಕೊಡೆ ಬಿಟ್ಟು ಹೋದಳು. ಹನ್ನೊಂದಕ್ಕೆ ಮತ್ತೆ ಹೊಯ್ಯತೊಡಗಿತು. ಕೊಡೆ ಹಿಡಿದು ನಾನು ಶಾಲೆ ಮುಟ್ಟುವಾಗ ಬಿಸಿಯೂಟದ ಹೊತ್ತು. ಮಗಳು ಈ ವರ್ಷ ಏಳನೆಯ ತರಗತಿ, ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ. ಮೊಬೈಲಿನಲ್ಲಿ ಮತದಾನ, ಬೆರಳಿಗೆ ಶಾಯಿ, ಪ್ರಮಾಣವಚನ, ಎಲ್ಲವೂ ಸಾಂಗವಾಗಿ ಆಗಿದೆ. ಮಂತ್ರಿಗಿರಿಯ ಬಿಸಿ ಮನೆಯಲ್ಲಿ ನಮಗೂ ತಟ್ಟುತ್ತಿದೆ, ಇರಲಿ. ಊಟಕ್ಕೆ ಮೊದಲು ಚಿಕ್ಕವರ ಕೈ ನೋಡುವುದು ಅವಳ ಖಾತೆಯ ಕೆಲಸ.

ಎರಡನೆಯ ತರಗತಿಯ ಮಾಣಿಯೊಬ್ಬ ತಾಟು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಅಂಗೈ ಚಾಚಿ ನಿಂತಿದ್ದ. "ಎಷ್ಟು ಸಲ ಹೇಳಬೇಕು ನಿನಗೆ? ತಿಕ್ಕಿ ತೊಳೆದುಕೊಂಡು ಬಾ." ಅವನು ನಲ್ಲಿಗೆ ಓಡಿದ, ಬಂದ, ಮತ್ತೆ ಓಡಿದ. ಮೂರನೆಯ ಸಲ ತಿರುಗಿ ಬರುವಾಗ ಸಾಲಿನಲ್ಲಿ ಯಾರೋ "ಕೊಳಕ" ಎಂದರು, ಎಲ್ಲರೂ ನಕ್ಕರು. ಅವನು ಅಳಲಿಲ್ಲ. ಅಂಗೈಯನ್ನು ಚಡ್ಡಿಗೆ ಒರೆಸಿದ, ಒರೆಸುತ್ತಲೇ ಇದ್ದ. ಕೊನೆಗೆ ಅಡುಗೆಯವರೇ ಎದ್ದು ಬಂದು, ಏನೂ ಹೇಳದೆ, ಅವನ ತಾಟಿಗೆ ಅನ್ನ ಹಾಕಿದರು.

ಹತ್ತಿರ ಹೋದಾಗ ನೋಡಿದೆ. ಅದು ಕೊಳೆಯಲ್ಲ, ಹಲಸಿನ ಮೇಣ. ಮೇಲೆ ಧೂಳು ಕೂತು ಕಪ್ಪಾಗಿತ್ತು. ನೀರಿನಲ್ಲಿ ಸಂಜೆಯವರೆಗೆ ತಿಕ್ಕಿದರೂ ಹೋಗುವುದಲ್ಲ.

ನಾನು ಏನೂ ಹೇಳದೆ ಕೊಡೆ ಕೊಟ್ಟು ಬಂದೆ. ಎಲ್ಲರೆದುರು ಮಗಳ ಮಾನ ತೆಗೆಯಬಾರದೆಂದೇ? ಹಾಗೆಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡೆ. ಆ ಮಾಣಿಯ ಮಾನದ ಲೆಕ್ಕ ಯಾರು ಇಟ್ಟರು?

ಸಂಜೆ ಅವಳು ದೋಸೆ ತಿನ್ನುವಾಗ ಕೇಳಿದೆ. "ನಿಯಮ ಅಂದರೆ ನಿಯಮ, ಆಯಿ. ಅಕ್ಕೋರೇ ಹೇಳಿದ್ದಾರೆ. ನಾನು ಎರಡನೆಯಲ್ಲಿ ಇದ್ದಾಗ ನನ್ನನ್ನೂ ಹೊರಗೆ ನಿಲ್ಲಿಸಿದ್ದರು, ಗೊತ್ತಾ?"

"ನೀನು ಹಲಸಿನ ಹಣ್ಣು ಬಿಡಿಸಿದ ಮೇಲೆ ಕೈಗೆ ಏನು ಹಚ್ಚುತ್ತೀಯ, ಕೂಸೇ?"

"ತೆಂಗಿನೆಣ್ಣೆ" ಎಂದಳು. ಆಮೇಲೆ ದೋಸೆ ಮುಂದೆ ಸರಿಯಲಿಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಮ್ಮೆ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದಿ ಹೇಳಿದ್ದರು. 2009ರ ಆ ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಾಸ್ತರ ಕೈಯ ಬೆತ್ತ ಹೋಯಿತು, ಸಂತೋಷ. ಹನ್ನೆರಡು ವರ್ಷದ ಮಂತ್ರಿಗಳ ನಾಲಿಗೆ ಯಾವ ಸೆಕ್ಷನ್ನಿಗೆ ಬರುತ್ತದೆ? ಇನ್ನೂ ಒಂದಿದೆ. "ಎಷ್ಟು ಸಲ ಹೇಳಬೇಕು ನಿನಗೆ" ಎನ್ನುವುದು ಅಕ್ಕೋರ ಮಾತಲ್ಲ, ನನ್ನದು. ಆ ರಾಗವೂ ನನ್ನದೇ.

ನಮ್ಮ ಕಾಲದಲ್ಲಿ ಮಂತ್ರಿಮಂಡಲ ಇರಲಿಲ್ಲ, ಕೆಳಗಿನಮನೆ ಅಕ್ಕ ಇದ್ದಳು. ಮಳೆಗಾಲದಲ್ಲಿ ಶಾಲೆಗೆ ಹೋಗಲು ಹಳ್ಳದ ಮೇಲೆ ಎರಡು ಅಡಿಕೆ ಮರದ ಸಂಕ, ಹಿಡಿದುಕೊಳ್ಳಲು ಒಂದೇ ಬಿದಿರು. ಅವಳು ಮೊದಲು ನಮ್ಮ ನಾಲ್ವರ ಪಾಟಿಚೀಲಗಳನ್ನು ಆಚೆ ದಾಟಿಸುತ್ತಿದ್ದಳು. ತಿರುಗಿ ಬರುತ್ತಿದ್ದಳು. ಆಮೇಲೆ ನಮ್ಮನ್ನು ಮುಂದೆ ಬಿಟ್ಟು ಹಿಂದಿನಿಂದ ಬರುತ್ತಿದ್ದಳು. ಅಂದರೆ ನಾವು ಒಮ್ಮೆ ದಾಟುವ ಸಂಕವನ್ನು ಅವಳು ದಿನಾ ಮೂರು ಸಲ ದಾಟುತ್ತಿದ್ದಳು! ಆಗ ನನಗೆ ಆ ಲೆಕ್ಕ ಹೊಳೆದಿರಲಿಲ್ಲ. ನಾನು ಹೆದರಿ ನಡುವೆ ನಿಂತರೆ "ನಿಲ್ಲು, ನನಗೂ ಕಾಲು ಜಾರುತ್ತಿದೆ" ಎನ್ನುತ್ತಿದ್ದಳು. ಅವಳ ಕಾಲು ಜಾರುವುದು ಸುಳ್ಳು. ಹಾಗೆಂದು ದೇವತೆಯೇನಲ್ಲ. ನಮ್ಮ ನೆಲ್ಲಿಕಾಯಿಯಲ್ಲಿ ಪಾಲು ಕೇಳುತ್ತಿದ್ದಳು, ಒಮ್ಮೆ ನನ್ನ ಕಾಲಿನ ಉಂಬಳ ಕಿತ್ತು ನನ್ನ ತಮ್ಮನ ಮೇಲೆ ಎಸೆದಿದ್ದಳು.

ಇದನ್ನು ಹೇಳಿದಾಗ ಮಗಳು ಉಂಬಳಕ್ಕೆ ಮಾತ್ರ ನಕ್ಕಳು.

ಈಗ ಮಲಗುವ ಮೊದಲು ಬಾಗಿಲ ಬಳಿ ಬಂದು ನಿಂತಳು. "ಆಯಿ, ಅವನ ಹತ್ತಿರ ತಪ್ಪಾಯಿತು ಎಂದು ಸಾಲಿನಲ್ಲಿ ಎಲ್ಲರ ಮುಂದೆ ಹೇಳಲಾ, ಒಬ್ಬನೇ ಇದ್ದಾಗ ಹೇಳಲಾ?"

ಎಲ್ಲರ ಮುಂದೆ ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ನಕ್ಕವರು ಕೇಳಬೇಕಲ್ಲ. ಆದರೆ ಆ ಮಾಣಿಯ ಅಂಗೈಗಳನ್ನು ಮತ್ತೊಮ್ಮೆ ಎಲ್ಲರೂ ನೋಡುತ್ತಾರೆ. ಒಬ್ಬನೇ ಇದ್ದಾಗ ಹೇಳಿದರೆ ಕೊಳಕ ಎಂಬ ಹೆಸರು ಹಾಗೆಯೇ ಉಳಿಯುತ್ತದೆ. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದು ಕಳಿಸಿದೆ. ನಾಳೆ ಮಳೆಗೆ ರಜೆ ಕೊಟ್ಟರೆ ಇನ್ನೊಂದು ದಿನ ಸಿಗುತ್ತದೆ, ಆದರೆ ಅವನಿಗೆ ಆ ಒಂದು ದಿನ